ಗಾಳಿ ಸೋಕಿದ್ದಲ್ಲ, ಕಾಯಿಲೆ: ಚಾಮರಾಜನಗರ, ಗುಂಡ್ಲುಪೇಟೆಯ ಹರೆಯದವರ ಮಾನಸಿಕ ಆರೋಗ್ಯಕ್ಕೊಂದು ಕೈಪಿಡಿ

ಪಿಯುಸಿ ಓದುವ ಹುಡುಗ ಎರಡು ತಿಂಗಳಿಂದ ಕಾಲೇಜಿಗೆ ಹೋಗಿಲ್ಲ. ರಾತ್ರಿಯೆಲ್ಲ ಎದ್ದಿರುತ್ತಾನೆ, ಹಗಲು ಮುಸುಕು ಹಾಕಿಕೊಂಡು ಮಲಗುತ್ತಾನೆ, ತಟ್ಟೆಯ ಅನ್ನ ಅರ್ಧಕ್ಕೇ ಉಳಿಯುತ್ತದೆ. ಕೇಳಿದರೆ ‘ಏನಿಲ್ಲ ಬುಡವ್ವ’ ಅನ್ನುತ್ತಾನೆ. ಮನೆಯಲ್ಲಿ ಮೊದಲು ಬೈಗುಳ ಶುರುವಾಗುತ್ತದೆ. ಆಮೇಲೆ ಮೊಬೈಲ್ ಕಿತ್ತುಕೊಳ್ಳುತ್ತಾರೆ. ಅದೂ ಆದಮೇಲೆ ಅಜ್ಜಿ ಹೇಳುತ್ತಾಳೆ, ‘ಕೂಸ್ಗ ಗಾಳಿ ಸೋಕದ ಕನ’. ತಾಯತ, ಮಂತ್ರಿಸಿದ ನಿಂಬೆಹಣ್ಣು, ಮಾದಪ್ಪನ ಬೆಟ್ಟಕ್ಕೆ ಹರಕೆ. ಹುಡುಗಿಯಾಗಿದ್ದರೆ ‘ಮದುವೆ ಮಾಡಿದ್ರೆ ಎಲ್ಲ ಸರಿಹೋಗ್ತದ’ ಅನ್ನುವ ಮಾತೂ ಬರುತ್ತದೆ. ಆಸ್ಪತ್ರೆ ಬರುವುದು ಈ ಸಾಲಿನ ಕೊನೆಗೆ. ಅಷ್ಟು ಹೊತ್ತಿಗೆ ವರ್ಷ ಕಳೆದಿರುತ್ತದೆ, ಪರೀಕ್ಷೆ ತಪ್ಪಿರುತ್ತದೆ, ಕೈಯಲ್ಲಿದ್ದ ದುಡ್ಡೂ ಖಾಲಿಯಾಗಿರುತ್ತದೆ.

ಇಂಥ ಹುಡುಗ, ಇಂಥ ಹುಡುಗಿ ತೆರಕಣಾಂಬಿಯಲ್ಲೂ ಇರಬಹುದು, ಸಂತೇಮರಹಳ್ಳಿಯಲ್ಲೂ ಇರಬಹುದು. ಇವರಿಗೆ ಆಗಿರುವುದಕ್ಕೆ ಹೆಸರಿದೆ, ಚಿಕಿತ್ಸೆಯಿದೆ, ಅದರ ದೊಡ್ಡ ಭಾಗ ಸರ್ಕಾರಿ ಆಸ್ಪತ್ರೆಯಲ್ಲಿ ದುಡ್ಡಿಲ್ಲದೆ ಸಿಗುತ್ತದೆ. ಹಾಗಿದ್ದೂ ವರ್ಷಗಟ್ಟಲೆ ತಡವಾಗುವುದು ಯಾಕೆ, ತಡವಾಗದಂತೆ ಎಲ್ಲಿಗೆ ಹೋಗಬೇಕು, ಹೋದರೆ ಅಲ್ಲಿ ಏನು ನಡೆಯುತ್ತದೆ ಅನ್ನುವುದನ್ನು ಇಲ್ಲಿ ಬಿಡಿಸಿ ಹೇಳುವ ಪ್ರಯತ್ನವಿದೆ.

ಎಷ್ಟು ಜನಕ್ಕೆ ಬರುತ್ತದೆ?

ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ 13ರಿಂದ 17 ವಯಸ್ಸಿನವರಲ್ಲಿ ಶೇ. 7.3ರಷ್ಟು ಮಂದಿಗೆ ಯಾವುದಾದರೊಂದು ಮಾನಸಿಕ ಕಾಯಿಲೆ ಇತ್ತು. ಅಂದರೆ ನೂರು ಮಕ್ಕಳಿರುವ ಹೈಸ್ಕೂಲಿನಲ್ಲಿ ಏಳು ಮಕ್ಕಳು. ಆ ಸಮೀಕ್ಷೆ ನಡೆದ 12 ರಾಜ್ಯಗಳಲ್ಲಿ ಕರ್ನಾಟಕ ಇರಲಿಲ್ಲ, ಆದರೆ ನೆರೆಯ ಕೇರಳ ಮತ್ತು ತಮಿಳುನಾಡು ಇದ್ದವು. ಕಾಯಿಲೆ ಇದ್ದೂ ಚಿಕಿತ್ಸೆ ಸಿಗದವರ ಪಾಲು ಕಾಯಿಲೆಗೆ ತಕ್ಕಂತೆ ಶೇ. 70ರಿಂದ 92ರವರೆಗೆ ಇತ್ತು. ವಿಶ್ವ ಆರೋಗ್ಯ ಸಂಸ್ಥೆ ಹೇಳುವಂತೆ ದೊಡ್ಡವರಲ್ಲಿ ಕಾಣುವ ಮಾನಸಿಕ ಕಾಯಿಲೆಗಳಲ್ಲಿ ಅರ್ಧದಷ್ಟು 14ನೇ ವಯಸ್ಸಿನೊಳಗೇ ಶುರುವಾಗಿರುತ್ತವೆ. ‘ಚಿಕ್ಕ ಐಕ್ಳಿಗೆ ಎಂಥ ಚಿಂತೆ’ ಅನ್ನುವ ನಮ್ಮ ಮಾತು ಇಲ್ಲಿಗೇ ಬಿದ್ದುಹೋಗುತ್ತದೆ.

ನಮ್ಮ ಜಿಲ್ಲೆಯ ಹರೆಯದವರ ಮೇಲಿರುವ ಹೊರೆಗೆ ತನ್ನದೇ ಬಣ್ಣವಿದೆ. ಶುಂಠಿ ಕೆಲಸಕ್ಕೆ ಅಂತ ಅಪ್ಪ ಅವ್ವ ವಯನಾಡಿನ ಕಡೆ ಹೋದರೆ ಮಕ್ಕಳು ಅಜ್ಜಿಯ ಜೊತೆಯೋ ಹಾಸ್ಟೆಲಿನಲ್ಲೋ ಬೆಳೆಯುತ್ತಾರೆ. ಮಳೆ ಕೈಕೊಟ್ಟ ವರ್ಷ, ಚೆಂಡುಹೂವಿಗೋ ಅರಿಶಿನಕ್ಕೋ ಬೆಲೆ ಬಿದ್ದ ವರ್ಷ, ಸಾಲದ ಮಾತು ಊಟದ ಹೊತ್ತಿಗೆ ಮಕ್ಕಳ ಕಿವಿಗೆ ಬೀಳುತ್ತಲೇ ಇರುತ್ತದೆ. ಹದಿನೆಂಟು ತುಂಬುವ ಮೊದಲೇ ಗಂಡು ಹುಡುಕಲು ಹೊರಡುವ ಮನೆಗಳು ಇನ್ನೂ ಇವೆ. ನಂಜನಗೂಡಿನ ಕಾರ್ಖಾನೆಗಳ ರಾತ್ರಿ ಪಾಳಿಗೆ ಹೋಗುವ ಹುಡುಗರಿಗೆ ನಿದ್ದೆಯ ಲೆಕ್ಕವೇ ತಪ್ಪಿರುತ್ತದೆ. ಮೊಬೈಲಿನಲ್ಲಿ ದುಡ್ಡು ಕಟ್ಟಿ ಆಡುವ ಆಟಗಳನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ಕಾನೂನು ಮಾಡಿ ನಿಷೇಧಿಸಿತು. ಅದಕ್ಕೂ ಮೊದಲು ಮಾಡಿಕೊಂಡ ಕೈಸಾಲ ಮಾತ್ರ ಕಾನೂನಿನ ಜೊತೆ ಹೋಗುವುದಿಲ್ಲ.

2021ರ ಮೇ 2ರ ರಾತ್ರಿಯನ್ನೂ ಮರೆಯುವಂತಿಲ್ಲ. ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯ ಆಮ್ಲಜನಕ ದುರಂತದಲ್ಲಿ 24 ಮಂದಿ ಸತ್ತರು ಅಂತ ಮೊದಲು ಹೇಳಿದರು. ಆ ಸಂಖ್ಯೆಯ ಬಗ್ಗೆ ಆಮೇಲೆ ಬೇಕಾದಷ್ಟು ಜಗಳ ನಡೆಯಿತು. ಪರಿಹಾರದ ಬಗ್ಗೆ, ತಪ್ಪು ಯಾರದು ಅನ್ನುವುದರ ಬಗ್ಗೆ ಮಾತಾಡಿದಷ್ಟು ಆ ಮನೆಗಳ ಮಕ್ಕಳ ಮನಸ್ಸಿನ ಬಗ್ಗೆ ನಾವು ಮಾತಾಡಿದೆವಾ? ಆಗ ಎಂಟನೇ ಕ್ಲಾಸಿನಲ್ಲಿದ್ದವರು ಈಗ ಕಾಲೇಜು ಮುಗಿಸುವ ವಯಸ್ಸಿನ ಹತ್ತಿರ ಇದ್ದಾರೆ. ಅಪ್ಪನನ್ನು ಕಳೆದುಕೊಂಡ ದುಃಖ ಕಾಯಿಲೆಯಲ್ಲ. ಆದರೆ ವರ್ಷ ಕಳೆದರೂ ಅದು ಒಂದಿಷ್ಟೂ ಹಗುರವಾಗದೆ ಓದು, ಊಟ, ನಿದ್ದೆ ಎಲ್ಲವನ್ನೂ ತಿನ್ನುತ್ತಿದ್ದರೆ ಅದಕ್ಕೂ ನೆರವು ಬೇಕು.

ದುಃಖ ಯಾವುದು, ಖಿನ್ನತೆ ಯಾವುದು?

ಎಸ್ಸೆಸ್ಸೆಲ್ಸಿಯಲ್ಲಿ ಫೇಲಾದವನು ನಾಲ್ಕು ದಿನ ಅಳುತ್ತಾನೆ, ಐದನೇ ದಿನ ಗೆಳೆಯರ ಜೊತೆ ಹೊರಗೆ ಹೋಗುತ್ತಾನೆ. ಖಿನ್ನತೆಯಲ್ಲಿ ಆ ಐದನೇ ದಿನ ಬರುವುದೇ ಇಲ್ಲ. ದಿನದ ಹೆಚ್ಚು ಹೊತ್ತು ಬೇಸರ, ಮೊದಲು ಇಷ್ಟವಿದ್ದದ್ದರಲ್ಲಿ ಈಗ ರುಚಿಯಿಲ್ಲ, ನಿದ್ದೆ ಮತ್ತು ಹಸಿವಿನಲ್ಲಿ ಏರುಪೇರು, ಏನೂ ಮಾಡದೆಯೂ ಸುಸ್ತು, ಓದಿದ್ದು ತಲೆಗೆ ಹತ್ತುವುದಿಲ್ಲ, ‘ನನ್ನಿಂದ ಎಲ್ಲರಿಗೂ ತೊಂದರೆ’ ಅನ್ನುವ ಯೋಚನೆ. ಇಂಥವು ಎರಡು ವಾರಕ್ಕೂ ಮಿಕ್ಕಿ ಹೆಚ್ಚುಕಮ್ಮಿ ದಿನವೂ ಇದ್ದರೆ ವೈದ್ಯರಿಗೆ ತೋರಿಸುವ ಹೊತ್ತಾಯಿತು ಅಂತ ಅರ್ಥ.

ಹರೆಯದವರಲ್ಲಿ ಖಿನ್ನತೆ ಅಳುವಿನ ರೂಪದಲ್ಲೇ ಬರಬೇಕು ಅಂತೇನಿಲ್ಲ. ಸಿಡುಕು, ಬಾಗಿಲು ಬಡಿಯುವುದು, ಎದುರು ಮಾತು, ಮತ್ತೆ ಮತ್ತೆ ಹೊಟ್ಟೆನೋವು ತಲೆನೋವು ಅಂತಲೂ ಬರುತ್ತದೆ. ಹೊಟ್ಟೆನೋವಿಗೆ ಸ್ಕ್ಯಾನಿಂಗ್ ಮೇಲೆ ಸ್ಕ್ಯಾನಿಂಗ್ ಮಾಡಿಸಿ ಏನೂ ಸಿಗದೆ ವಾಪಸಾದವರಲ್ಲಿ ಇಂಥವರೂ ಇರುತ್ತಾರೆ. ಇನ್ನೊಂದು ಕಡೆ, ರಕ್ತಹೀನತೆ ಮತ್ತು ಥೈರಾಯ್ಡ್ ತೊಂದರೆಗಳೂ ಇದೇ ಥರ ಸುಸ್ತು, ಮಂಕು ತರುತ್ತವೆ. ಹಾಗಾಗಿ ಮೊದಲ ಭೇಟಿಯಲ್ಲೇ ವೈದ್ಯರು ರಕ್ತ ಪರೀಕ್ಷೆ ಬರೆದುಕೊಟ್ಟರೆ ‘ತಲೆಗೆ ತೋರಿಸಲು ಬಂದ್ರೆ ರಕ್ತ ಯಾಕೆ ತಗೀತಾರೆ’ ಅಂತ ಗಾಬರಿ ಬೇಡ.

ಆತಂಕದ ಕಾಯಿಲೆಗಳು ಇನ್ನೂ ಸಾಮಾನ್ಯ. ಎದೆ ಡವಡವ, ಉಸಿರು ಕಟ್ಟಿದ ಹಾಗೆ, ಕೈಕಾಲು ತಣ್ಣಗೆ, ‘ಈಗಲೇ ಸತ್ತೋಗ್ತೀನಿ’ ಅನ್ನುವ ಭಯ ಬಂದು ಸ್ವಲ್ಪ ಹೊತ್ತಿಗೆ ತಾನಾಗಿ ಇಳಿಯುವುದನ್ನು ಪ್ಯಾನಿಕ್ ಅನ್ನುತ್ತಾರೆ. ಇಸಿಜಿ ಸರಿಯಾಗಿದೆ ಅಂತ ಹೃದಯದ ವೈದ್ಯರು ಹೇಳಿದ ಮೇಲೂ ಮತ್ತೆ ಮತ್ತೆ ಬಂದರೆ ಮನೋವೈದ್ಯರಿಗೆ ತೋರಿಸಬೇಕು. ಕೈ ತೊಳೆದಷ್ಟೂ ತೊಳೆಯುವುದು, ಬಾಗಿಲ ಚಿಲಕವನ್ನು ಹತ್ತು ಸಲ ನೋಡುವುದು, ಬೇಡ ಬೇಡ ಅಂದರೂ ನುಗ್ಗುವ ಕೆಟ್ಟ ಯೋಚನೆ, ಇವು ಗೀಳಿನ ಕಾಯಿಲೆಯ ಗುರುತುಗಳು. ದೇವರ ಬಗ್ಗೆ ಅಸಹ್ಯದ ಯೋಚನೆ ಬರುತ್ತದೆ ಅಂತ ಹೇಳಿಕೊಳ್ಳಲಾಗದೆ ವರ್ಷಗಟ್ಟಲೆ ಒಳಗೇ ಬೇಯುವವರಿದ್ದಾರೆ. ಅದೂ ಕಾಯಿಲೆಯ ಭಾಗವೇ, ಪಾಪವೇನಲ್ಲ.

ಕಿವಿಯಲ್ಲಿ ದನಿ ಕೇಳಿಸಿದರೆ

ನಾವು ತೀರಾ ತಡಮಾಡುವುದು ಇಲ್ಲಿ. ಸೈಕೋಸಿಸ್ ಅನ್ನುವ ಗುಂಪಿನ ಕಾಯಿಲೆಗಳು ಸಾಮಾನ್ಯವಾಗಿ ಹದಿವಯಸ್ಸಿನ ಕೊನೆ ಮತ್ತು ಇಪ್ಪತ್ತರ ಆಸುಪಾಸಿನಲ್ಲಿ ತಲೆ ಎತ್ತುತ್ತವೆ. ಡಿಗ್ರಿ ಓದುವ ವಯಸ್ಸು, ಕೆಲಸಕ್ಕೆ ಸೇರುವ ವಯಸ್ಸು. ಇಲ್ಲದ ದನಿಗಳು ಕೇಳುತ್ತವೆ. ಪಕ್ಕದ ಮನೆಯವರು ತನ್ನ ಬಗ್ಗೆಯೇ ಮಾತಾಡುತ್ತಿದ್ದಾರೆ, ಅನ್ನಕ್ಕೆ ಏನೋ ಹಾಕಿದ್ದಾರೆ, ಟಿವಿಯವರು ತನಗೇ ಸನ್ನೆ ಮಾಡುತ್ತಿದ್ದಾರೆ ಅನ್ನುವ ನಂಬಿಕೆ ಗಟ್ಟಿಯಾಗುತ್ತದೆ. ಸ್ನಾನ ಬಿಡುತ್ತಾರೆ, ಒಬ್ಬರೇ ನಗುತ್ತಾರೆ, ಮಾತಿಗೆ ಮಾತು ಕೂಡುವುದಿಲ್ಲ. ಗಾಂಜಾ ಸೇದುವವರಲ್ಲಿ ಇದರ ಅಪಾಯ ಹೆಚ್ಚು.

‘ಮಾಟ ಮಾಡ್ಸವ್ರ’ ಅಂತ ಮನೆಯವರಿಗೆ ಅನ್ನಿಸುವುದು ಸಹಜ, ಯಾಕೆಂದರೆ ಹುಡುಗನೇ ಹಾಗೆ ಹೇಳುತ್ತಿರುತ್ತಾನೆ. ಅವನ ಜೊತೆ ‘ಹಂಗೇನಿಲ್ಲ ಕಣೋ’ ಅಂತ ವಾದಿಸಿ ಗೆಲ್ಲಲಾಗುವುದಿಲ್ಲ, ಹೌದು ಹೌದು ಅಂತ ತಲೆಯಾಡಿಸುವುದೂ ಬೇಡ. ‘ನಿನಗೆ ಭಯ ಆಗ್ತಿದೆ ಅಂತ ಗೊತ್ತಾಗ್ತದೆ, ನಿದ್ದೆಗೆ ಏನಾದ್ರೂ ಕೊಡ್ತಾರೆ, ಹೋಗಿಬರಣ ಬಾ’ ಅಂದರೆ ಬರುವ ಸಾಧ್ಯತೆ ಹೆಚ್ಚು. ಮೊದಲ ಸಲ ಕಾಣಿಸಿಕೊಂಡಾಗ ಬೇಗ ಔಷಧಿ ಶುರುವಾದಷ್ಟೂ ಮತ್ತೆ ಓದಿಗೆ, ದುಡಿಮೆಗೆ ಮರಳುವ ಅವಕಾಶ ಹೆಚ್ಚು. ದೇವಸ್ಥಾನಕ್ಕೆ ಹೋಗಬೇಡಿ ಅಂತ ನಾನು ಹೇಳುತ್ತಿಲ್ಲ. ಮಾದಪ್ಪನ ಮೇಲಿನ ನಂಬಿಕೆ ಎಷ್ಟೋ ತಾಯಂದಿರನ್ನು ನಿಲ್ಲಿಸಿಟ್ಟಿದೆ. ಗುಜರಾತಿನಲ್ಲಿ ದರ್ಗಾದ ಅಂಗಳದಲ್ಲೇ ಮನೋವೈದ್ಯರನ್ನು ಕೂರಿಸಿ ಪ್ರಾರ್ಥನೆ ಮತ್ತು ಮಾತ್ರೆ ಎರಡನ್ನೂ ಜೊತೆಗೆ ನಡೆಸಿದ ‘ದವಾ-ದುವಾ’ ಅನ್ನುವ ಪ್ರಯೋಗವೇ ಇದೆ. ಹರಕೆಯೂ ಇರಲಿ, ಚೀಟಿಯೂ ಇರಲಿ.

ಸರಪಳಿ ಮಾತ್ರ ಬೇಡ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದ ಮಾನಸಿಕ ರೋಗಿಗಳು ಓಡಲಾಗದೆ 28 ಮಂದಿ ಸತ್ತರು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಯಾವ ರೀತಿಯಲ್ಲೂ ಸರಪಳಿ ಹಾಕುವಂತಿಲ್ಲ ಎನ್ನುತ್ತದೆ.

ಬೈಪೋಲಾರ್ ಕಾಯಿಲೆಯಲ್ಲಿ ಕೆಲವು ದಿನ ಅತಿಯಾದ ಹುರುಪು, ನಿದ್ದೆ ಬೇಡ, ಕೈಬಿಚ್ಚಿ ಖರ್ಚು, ನಿಲ್ಲದ ಮಾತು, ಇನ್ನು ಕೆಲವು ದಿನ ಖಿನ್ನತೆ. ಮೈಮೇಲೆ ಬಂದ ಹಾಗೆ ಆಡುವುದು, ಒತ್ತಡ ಹೆಚ್ಚಾದಾಗ ಪ್ರಜ್ಞೆ ತಪ್ಪುವುದು ಬೇಡದ ಮದುವೆಯ ಮಾತು ನಡೆದ ಮನೆಯ ಹುಡುಗಿಯರಲ್ಲಿ ಕಾಣುವುದುಂಟು. ಅದನ್ನು ‘ನಾಟಕ’ ಅನ್ನಬೇಡಿ. ಬಾಯಲ್ಲಿ ಹೇಳಲಾಗದ್ದನ್ನು ಮೈ ಹೇಳುತ್ತಿರುತ್ತದೆ. ಮೂರ್ಛೆರೋಗ ಅಲ್ಲ ಅಂತ ಖಚಿತ ಮಾಡಿಕೊಳ್ಳಲಿಕ್ಕಾದರೂ ವೈದ್ಯರು ನೋಡಬೇಕು. ಹೆರಿಗೆಯಾದ ಎಳೆ ಬಾಣಂತಿ ಮಗುವನ್ನು ಎತ್ತಿಕೊಳ್ಳಲೂ ಒಲ್ಲದೆ ಅಳುತ್ತಿದ್ದರೆ ಅದೂ ಸೊಕ್ಕಲ್ಲ, ಬಾಣಂತನದ ಖಿನ್ನತೆ ಇರಬಹುದು. ಆಶಾ ಕಾರ್ಯಕರ್ತೆಗೆ ತಕ್ಷಣ ತಿಳಿಸಿ.

ಎಲ್ಲಿಗೆ ಹೋಗುವುದು?

ಮನೆಯಿಂದ ಹೊರಡದೆಯೇ ಶುರುಮಾಡಬಹುದು. ಟೆಲಿ-ಮಾನಸ್ ಸಹಾಯವಾಣಿಯ ಸಂಖ್ಯೆ 14416. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಸೇವೆ ಇದು, ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಹಗಲು ರಾತ್ರಿ ಯಾವ ಹೊತ್ತಿಗೂ, ದುಡ್ಡಿಲ್ಲದೆ, ಕನ್ನಡದಲ್ಲೇ ಮಾತಾಡಬಹುದು. ಬೇಕೆನಿಸಿದರೆ ಅವರೇ ಮನೋವೈದ್ಯರಿಗೆ ಜೋಡಿಸುತ್ತಾರೆ. ಮನೆಯಲ್ಲಿ ಎಲ್ಲರೂ ಇರುವಾಗ ಮಾತಾಡಲು ಮುಜುಗರವಾಗುವ ಹುಡುಗಿಗೆ ಹೊಲದ ಬದುವಿನಲ್ಲಿ ನಿಂತು ಮಾಡಬಹುದಾದ ಕರೆ ಇದು. ನೆಟ್‌ವರ್ಕ್ ಸಿಕ್ಕರೆ ಅನ್ನಿ, ಬಂಡೀಪುರದ ಅಂಚಿನ ಹಳ್ಳಿಯವರಿಗೆ ನಾನು ಇದನ್ನು ಬಿಡಿಸಿ ಹೇಳಬೇಕಿಲ್ಲ.

ಎರಡನೆಯದು ತಾಲೂಕು ಆಸ್ಪತ್ರೆ. ಮಾನಸಿಕ ಆರೋಗ್ಯವನ್ನು ಜಿಲ್ಲೆಯ ಮಟ್ಟಕ್ಕೆ ತರುವ ಯೋಚನೆ ಗಟ್ಟಿಯಾದದ್ದು ಕರ್ನಾಟಕದಲ್ಲೇ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ತರಬೇತಿ ಕೊಟ್ಟು ನೋಡಿತು. ಆ ಮಾದರಿಯ ಮೇಲೆ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ರಾಜ್ಯದಲ್ಲಿ 2014ರಿಂದ ಇರುವ ‘ಮನೋಚೈತನ್ಯ’ ಕಾರ್ಯಕ್ರಮದಲ್ಲಿ ಮನೋವೈದ್ಯರು ಮಂಗಳವಾರ ತಾಲೂಕು ಆಸ್ಪತ್ರೆಗೆ ಬಂದು ರೋಗಿಗಳನ್ನು ನೋಡುವ ಏರ್ಪಾಡಿದೆ. ಯಾವ ವಾರ ಯಾವ ತಾಲೂಕು ಅನ್ನುವುದು ಬದಲಾಗಬಹುದು. ಹೊರಡುವ ಮೊದಲು ಆಶಾ ಕಾರ್ಯಕರ್ತೆಯನ್ನೋ ಪಿಎಚ್‌ಸಿಯನ್ನೋ ಕೇಳಿಕೊಳ್ಳಿ. ಒಂದು ದಿನದ ಕೂಲಿ ಬಿಟ್ಟು ಹೋಗಿ ‘ಡಾಕ್ಟ್ರು ಇವತ್ತು ಬರಲ್ಲ’ ಅನ್ನಿಸಿಕೊಂಡವರು ಎರಡನೇ ಸಲ ಹೋಗುವುದಿಲ್ಲ.

ದಾಖಲಾಗಬೇಕಾದಷ್ಟು ಜೋರಿದ್ದರೆ ಚಾಮರಾಜನಗರದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಅಂದರೆ ಸಿಮ್ಸ್‌ನ ಬೋಧನಾ ಆಸ್ಪತ್ರೆ ಇದೆ. ಗುಂಡ್ಲುಪೇಟೆಯವರಿಗೆ ಮೈಸೂರಿನ ಬಸ್ಸೂ ಸಲೀಸು. ಅಲ್ಲಿ ಕೆ.ಆರ್. ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವಿದೆ. ಚಿಕ್ಕ ಮಕ್ಕಳ ಜಟಿಲ ಸಮಸ್ಯೆಗಳಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮತ್ತು ಹರೆಯದವರದೇ ಪ್ರತ್ಯೇಕ ವಿಭಾಗವಿದೆ.

10ರಿಂದ 19 ವಯಸ್ಸಿನವರಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ‘ಸ್ನೇಹ ಕ್ಲಿನಿಕ್’ ಅಂತ ಇದೆ. ಮುಟ್ಟಿನ ತೊಂದರೆಯಿಂದ ಮನಸ್ಸಿನ ಬೇಗುದಿಯವರೆಗೆ ಅಲ್ಲಿನ ಆಪ್ತಸಮಾಲೋಚಕರ ಹತ್ತಿರ ಮಾತಾಡಬಹುದು. ಕ್ರೀಡಾ ಇಲಾಖೆ ಮತ್ತು ನಿಮ್ಹಾನ್ಸ್ ಸೇರಿ ನಡೆಸುವ ‘ಯುವ ಸ್ಪಂದನ’ ಕೇಂದ್ರ ಜಿಲ್ಲಾ ಕ್ರೀಡಾಂಗಣದಲ್ಲಿರುತ್ತದೆ. ಆಸ್ಪತ್ರೆ ಬಾಗಿಲಲ್ಲಿ ಯಾರಾದರೂ ನೋಡಿಬಿಟ್ಟರೆ ಅನ್ನುವ ಭಯ ಇರುವವರಿಗೆ ಸ್ಟೇಡಿಯಂ ಒಳ್ಳೆಯ ಜಾಗ. ಅಲ್ಲಿಗೆ ಹೋದರೆ ಯಾರೂ ಯಾಕೆ ಅಂತ ಕೇಳುವುದಿಲ್ಲ.

ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡುಗಳಿಗೆ ಈ ದಾರಿಗಳೆಲ್ಲ ಇನ್ನೂ ದೂರ. ಅಲ್ಲಿ ಡಾ. ಎಚ್. ಸುದರ್ಶನ್ 1981ರಲ್ಲಿ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದ ಆಸ್ಪತ್ರೆ ಮೊದಲ ಬಾಗಿಲಾಗಬಹುದು. ಹೊರಗಿನಿಂದ ಬಂದ ಆಪ್ತಸಮಾಲೋಚಕರಿಗೆ ಸೋಲಿಗನುಡಿಯ ಗಂಧವೂ ಇಲ್ಲದಿದ್ದರೆ ಹದಿನಾರರ ಹುಡುಗಿ ಏನು ಹೇಳಿಕೊಂಡಾಳು? ಜಿಲ್ಲೆಯ ಯೋಜನೆ ಬರೆಯುವವರು ಯೋಚಿಸಬೇಕಾದ ಮಾತಿದು.

ಮಾತ್ರೆಯ ಭಯ

‘ಒಂದ್ಸಲ ಶುರುಮಾಡಿದ್ರೆ ಜೀವನಪೂರ್ತಿ ತಗೋಬೇಕಂತೆ’, ‘ಬರೀ ನಿದ್ದೆ ಮಾತ್ರೆಯಂತೆ’, ‘ಮಕ್ಕಳಾಗಲ್ವಂತೆ’. ಈ ಮೂರು ಮಾತು ಮೆಡಿಕಲ್ ಸ್ಟೋರಿನ ಮುಂದೆಯೇ ಹುಟ್ಟಿ ಊರು ಸೇರುತ್ತವೆ. ಹೆಚ್ಚು ಜನ ಚಿಕಿತ್ಸೆ ಬಿಡುವುದು ಇವುಗಳಿಂದಲೇ, ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

ಎಲ್ಲರಿಗೂ ಮಾತ್ರೆ ಬೇಕಿಲ್ಲ. ಸೌಮ್ಯ ಮಟ್ಟದ ಖಿನ್ನತೆ ಮತ್ತು ಆತಂಕಕ್ಕೆ ಮಾತಿನ ಚಿಕಿತ್ಸೆಯೇ ಮೊದಲು. ಅದರಲ್ಲಿ ಸಿಬಿಟಿ ಅನ್ನುವುದು ಹೆಚ್ಚು ಪರೀಕ್ಷೆಗೆ ಒಳಗಾದ ವಿಧಾನ. ಯೋಚನೆ ಹೇಗೆ ಸುತ್ತಿಕೊಳ್ಳುತ್ತದೆ, ಭಯ ಹುಟ್ಟಿಸುವ ಕೆಲಸವನ್ನು ಮೆಟ್ಟಿಲು ಮೆಟ್ಟಿಲಾಗಿ ಹೇಗೆ ಎದುರಿಸುವುದು ಅನ್ನುವುದನ್ನು ವಾರಕ್ಕೊಮ್ಮೆ ಕೂತು ಕಲಿಸುತ್ತಾರೆ. ಬುದ್ಧಿಮಾತು ಹೇಳುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ತೊಡಕೆಂದರೆ ಈ ತರಬೇತಿ ಇರುವವರು ತಾಲೂಕು ಕೇಂದ್ರಗಳಲ್ಲಿ ಸಿಗುವುದು ಕಷ್ಟ.

ಮಧ್ಯಮ ಮತ್ತು ತೀವ್ರ ಖಿನ್ನತೆಗೆ ಮಾತ್ರೆಯೂ ಬೇಕಾಗುತ್ತದೆ. ಫ್ಲುಆಕ್ಸೆಟಿನ್, ಎಸಿಟಾಲೋಪ್ರಾಮ್ ಥರದವು ನಿದ್ದೆ ಮಾತ್ರೆಗಳಲ್ಲ, ಸಾರಾಯಿಯ ಹಾಗೆ ಚಟ ಹಿಡಿಸುವುದೂ ಇಲ್ಲ. ಕೆಲಸ ಶುರುವಾಗಲು ಎರಡರಿಂದ ನಾಲ್ಕು ವಾರ ಬೇಕು, ಪೂರ್ತಿ ಗುಣ ಕಾಣಲು ಇನ್ನೂ ಹೆಚ್ಚು. ಹೊಟ್ಟೆ ತೊಳಸುವುದು, ತಲೆನೋವು ಮಾತ್ರ ಮೊದಲ ವಾರದಲ್ಲೇ ಬರಬಹುದು. ಕೆಡುಕು ಮೊದಲು, ಒಳಿತು ಆಮೇಲೆ. ಇದನ್ನು ಮೊದಲೇ ಹೇಳದಿದ್ದರೆ ಯಾರು ತಾನೇ ಹತ್ತನೇ ದಿನಕ್ಕೆ ಬಿಡುವುದಿಲ್ಲ? 25ರೊಳಗಿನವರಲ್ಲಿ ಮೊದಲ ಕೆಲವು ವಾರ ಚಡಪಡಿಕೆ, ಸಾಯುವ ಯೋಚನೆ ಹೆಚ್ಚಬಹುದು. ಅಷ್ಟು ದಿನ ಮನೆಯವರ ಕಣ್ಣು ಅವರ ಮೇಲಿರಬೇಕು, ಹಾಗೇನಾದರೂ ಕಂಡರೆ ಮುಂದಿನ ತಾರೀಖಿಗೆ ಕಾಯದೆ ವೈದ್ಯರ ಹತ್ತಿರ ಹೋಗಬೇಕು. ಗುಣವಾದ ಮೇಲೂ ಆರೇಳು ತಿಂಗಳು ಮುಂದುವರಿಸಿ, ನಿಧಾನವಾಗಿ ಇಳಿಸಿ ನಿಲ್ಲಿಸುತ್ತಾರೆ. ಮೊದಲ ಸಲ ಖಿನ್ನತೆ ಬಂದ ಹೆಚ್ಚಿನವರಿಗೆ ಜೀವನಪೂರ್ತಿ ಅನ್ನುವುದು ಸುಳ್ಳು.

ಚಟ ಹಿಡಿಸುವ ಮಾತ್ರೆಗಳು ಬೇರೆ. ಆಲ್ಪ್ರಜೋಲಂ ಥರದವನ್ನು ವೈದ್ಯರು ಕೆಲವೇ ದಿನಕ್ಕೆ ಬರೆಯುತ್ತಾರೆ. ಹಳೇ ಚೀಟಿ ತೋರಿಸಿ ಮತ್ತೆ ಮತ್ತೆ ತಂದರೆ ತೊಂದರೆ ಅಲ್ಲಿಂದ ಶುರು.

ಸೈಕೋಸಿಸ್‌ಗೆ ರಿಸ್ಪೆರಿಡೋನ್, ಒಲಾಂಜಪಿನ್ ಥರದ ಔಷಧಿಗಳಿವೆ. ಮೈತೂಕ ಏರುವುದು, ಕೈ ನಡುಗುವುದು, ಮಬ್ಬು ಬರುವುದು ಇವುಗಳ ನಿಜವಾದ ತೊಂದರೆಗಳು. ಇಂಥದ್ದಾದಾಗ ನಿಲ್ಲಿಸಿಬಿಡದೆ ಹೇಳಿದರೆ ಮಾತ್ರೆಯನ್ನೋ ಪ್ರಮಾಣವನ್ನೋ ಬದಲಿಸುತ್ತಾರೆ. ಇವನ್ನು ಒಂದೆರಡು ವರ್ಷವಾದರೂ ತೆಗೆದುಕೊಳ್ಳಬೇಕಾಗುತ್ತದೆ, ಕೆಲವರಿಗೆ ಇನ್ನೂ ಹೆಚ್ಚು. ‘ಈಗ ಚೆನ್ನಾಗವ್ನ, ಯಾಕೆ ಸುಮ್ನೆ ಮಾತ್ರೆ’ ಅಂತ ಮೂರನೇ ತಿಂಗಳಲ್ಲಿ ಬಿಟ್ಟು, ಆರನೇ ತಿಂಗಳಲ್ಲಿ ಮತ್ತೆ ಹಳೇ ಸ್ಥಿತಿಗೆ ಬರುವುದು ತೀರಾ ಸಾಮಾನ್ಯ. ಗರ್ಭಿಣಿಯರಾಗುವ ಯೋಚನೆ ಇದ್ದವರು ಮೊದಲೇ ತಿಳಿಸಬೇಕು, ಕೆಲವು ಔಷಧಿ ಬದಲಿಸಬೇಕಾಗುತ್ತದೆ.

ಕರೆಂಟ್ ಕೊಡುವ ಚಿಕಿತ್ಸೆಯ ಬಗ್ಗೆ ಸಿನಿಮಾದಲ್ಲಿ ನೋಡಿದ್ದನ್ನು ಮರೆತುಬಿಡಿ. ಅರಿವಳಿಕೆ ಇಲ್ಲದೆ ಅದನ್ನು ಕೊಡುವಂತಿಲ್ಲ. 18ರೊಳಗಿನವರಿಗೆ ಪೋಷಕರ ಒಪ್ಪಿಗೆ ಮತ್ತು ಮಾನಸಿಕ ಆರೋಗ್ಯ ಮಂಡಳಿಯ ಮುಂಗಡ ಅನುಮತಿ ಎರಡೂ ಬೇಕು.

ಸಾಯುವ ಮಾತು ಬಂದಾಗ

‘ನಾನಿಲ್ದಿದ್ರೆ ನಿಮಗೆ ನೆಮ್ಮದಿ’ ಅನ್ನುವ ಮಾತನ್ನು ಹೆದರಿಸಲು ಹೇಳಿದ್ದು ಅಂತ ತಳ್ಳಿಹಾಕಬೇಡಿ. ‘ಸಾಯಬೇಕು ಅನ್ನಿಸ್ತಿದ್ಯಾ?’ ಅಂತ ನೇರವಾಗಿ ಕೇಳಿ. ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದ ಹಾಗಾಗುವುದಿಲ್ಲ. ಬದಲಿಗೆ ಹೇಳಿಕೊಳ್ಳಲು ಒಬ್ಬರು ಸಿಕ್ಕ ಹಾಗಾಗುತ್ತದೆ. ಅವರನ್ನು ಒಂಟಿಯಾಗಿ ಬಿಡಬೇಡಿ. ಹೊಲಕ್ಕೆ ಹೊಡೆಯುವ ಔಷಧಿಯನ್ನು ಮನೆಯೊಳಗೆ ಇಡದೆ ಬೇರೆಡೆ ಬೀಗದಲ್ಲಿಡಿ, ಬೀಗದ ಕೈ ಒಬ್ಬರ ಹತ್ತಿರವೇ ಇರಲಿ. ಸಾಯುವ ಆವೇಗ ಎಷ್ಟೋ ಸಲ ಸ್ವಲ್ಪ ಹೊತ್ತಿನದು. ಆ ಹೊತ್ತಿಗೆ ಕೈಗೆ ಏನೂ ಸಿಗದಿದ್ದರೆ ಜೀವ ಉಳಿಯುತ್ತದೆ. 14416ಕ್ಕೆ, ಅಪಾಯ ಕಣ್ಣೆದುರೇ ಇದ್ದರೆ 108 ಅಥವಾ 112ಕ್ಕೆ ಕರೆ ಮಾಡಿ.

ಪೊಲೀಸ್ ಕೇಸಾಗುತ್ತದೆ ಅಂತ ಎಷ್ಟೋ ಮನೆಗಳು ಆಸ್ಪತ್ರೆಗೆ ಹೋಗುವುದನ್ನೇ ತಡಮಾಡುತ್ತವೆ, ಹೋದರೂ ಸುಳ್ಳು ಹೇಳುತ್ತವೆ. 2018ರ ಮೇ 29ರಿಂದ ಜಾರಿಯಲ್ಲಿರುವ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಮಿನ ಪ್ರಕಾರ ಹಾಗೆ ಪ್ರಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ಭಾವಿಸಬೇಕು, ಶಿಕ್ಷಿಸುವಂತಿಲ್ಲ. ಅವರಿಗೆ ಆರೈಕೆ ಕೊಡುವುದು ಸರ್ಕಾರದ ಹೊಣೆ. ಹಳೆಯ ಐಪಿಸಿ 309 ಕೂಡ 2024ರ ಜುಲೈ 1ರಂದು ಭಾರತೀಯ ನ್ಯಾಯ ಸಂಹಿತೆ ಬಂದಾಗ ಹೋಯಿತು. ಪೊಲೀಸರು ಹೇಳಿಕೆ ಬರೆದುಕೊಳ್ಳಬಹುದು. ವೈದ್ಯರಿಗಂತೂ ಏನು, ಎಷ್ಟು, ಎಷ್ಟು ಹೊತ್ತಿಗೆ ಅಂತ ನಿಜ ಹೇಳಿ. ಜೀವ ನಿಂತಿರುವುದು ಅದರ ಮೇಲೆ.

ಕೇಳಿ ಪಡೆಯಬೇಕಾದದ್ದು

ಬಡತನ ರೇಖೆಗಿಂತ ಕೆಳಗಿನವರಿಗೆ ಸರ್ಕಾರಿ ವ್ಯವಸ್ಥೆಯಲ್ಲಿ ಮಾನಸಿಕ ಚಿಕಿತ್ಸೆ ಉಚಿತವಾಗಿ ಸಿಗಬೇಕು ಅಂತ ಅದೇ ಕಾಯ್ದೆ ಹೇಳುತ್ತದೆ. ಔಷಧಿ ಸ್ಟಾಕ್ ಇಲ್ಲ ಅಂದರೆ ಹೊರಗಿನ ಅಂಗಡಿಗೆ ಓಡುವ ಮೊದಲು ವೈದ್ಯಾಧಿಕಾರಿಯನ್ನು ಕೇಳಿ. ವಿಮೆ ಕಂಪನಿಗಳು ದೇಹದ ಕಾಯಿಲೆಗೆ ಕೊಡುವ ಹಾಗೆಯೇ ಮನಸ್ಸಿನ ಕಾಯಿಲೆಗೂ ರಕ್ಷಣೆ ಕೊಡಬೇಕು. 18ರೊಳಗಿನವರನ್ನು ದಾಖಲಿಸಿಕೊಂಡರೆ ದೊಡ್ಡವರ ವಾರ್ಡಿನಲ್ಲಿ ಹಾಕುವಂತಿಲ್ಲ, ಮನೆಯವರೊಬ್ಬರು ಜೊತೆಗಿರಬೇಕು, 72 ಗಂಟೆಯೊಳಗೆ ಮಂಡಳಿಗೆ ತಿಳಿಸಬೇಕು.

ಸುಪ್ರೀಂ ಕೋರ್ಟ್ 2025ರ ಜುಲೈ 25ರ ತೀರ್ಪಿನಲ್ಲಿ 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳು ತರಬೇತಿ ಪಡೆದ ಆಪ್ತಸಮಾಲೋಚಕರನ್ನು ನೇಮಿಸಬೇಕು ಎಂದಿದೆ. ನಿಮ್ಮ ಕಾಲೇಜಿನಲ್ಲಿ ಇದ್ದಾರಾ? ಎಸ್‌ಡಿಎಂಸಿ ಸಭೆಯಲ್ಲಿ, ಹಾಸ್ಟೆಲ್ ವಾರ್ಡನ್ ಹತ್ತಿರ, ಕಾಲೇಜು ಅಭಿವೃದ್ಧಿ ಸಮಿತಿಯ ಅಧ್ಯಕ್ಷರಾಗಿ ಕೂರುವ ಶಾಸಕರ ಹತ್ತಿರ ಈ ಪ್ರಶ್ನೆ ಕೇಳಬೇಕು. ದೈಹಿಕ ಶಿಕ್ಷಣದ ಮೇಷ್ಟ್ರ ಹೆಸರನ್ನೇ ಆ ಕಾಲಮಿಗೂ ಬರೆದು ಕೈತೊಳೆದುಕೊಳ್ಳಲು ಬಿಟ್ಟರೆ ತೀರ್ಪು ಕಾಗದದಲ್ಲೇ ಉಳಿಯುತ್ತದೆ.

ಮೊದಲ ದಿನ ಹೋಗುವಾಗ

ಆಧಾರ್, ರೇಷನ್ ಕಾರ್ಡ್, ಹಳೆಯ ಚೀಟಿಗಳು, ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಹಾಳೆ ಇಟ್ಟುಕೊಳ್ಳಿ. ನಾಟಿ ಔಷಧಿ ಕೊಟ್ಟಿದ್ದರೆ ಅದನ್ನೂ ಹೇಳಿ, ಬೈಸಿಕೊಂಡರೂ ಪರವಾಗಿಲ್ಲ. ಹುಡುಗನ ಜೊತೆ ದಿನವೂ ಇರುವವರು ಹೋಗಬೇಕು. ದೂರದ ಊರಿಂದ ಬಂದ ಸೋದರಮಾವನಿಗೆ ನಿದ್ದೆ ಊಟದ ಲೆಕ್ಕ ಗೊತ್ತಿರುವುದಿಲ್ಲ. ಯಾವಾಗ ಶುರುವಾಯಿತು, ಮನೆತನದಲ್ಲಿ ಮೊದಲು ಯಾರಿಗಾದರೂ ಇತ್ತಾ, ಕುಡಿತ ಗಾಂಜಾ ಇದೆಯಾ ಅಂತ ವೈದ್ಯರು ಕೇಳುತ್ತಾರೆ. ಸ್ವಲ್ಪ ಹೊತ್ತು ಮಗ ಅಥವಾ ಮಗಳ ಜೊತೆ ಒಬ್ಬರೇ ಮಾತಾಡುತ್ತೇವೆ, ನೀವು ಹೊರಗಿರಿ ಅಂದರೆ ಎದ್ದು ಹೊರಗೆ ಬನ್ನಿ. ‘ಏನ್ ಹೇಳ್ದೆ ಅವ್ರಿಗೆ?’ ಅಂತ ಬಸ್ಸಿನಲ್ಲಿ ಕೇಳಬೇಡಿ. ಮತ್ತೆ ಯಾವತ್ತು ಬರಬೇಕು ಅನ್ನುವುದನ್ನು ಚೀಟಿಯ ಮೇಲೆ ಬರೆಸಿಕೊಂಡು ಬನ್ನಿ, ಆ ದಿನ ಸಂತೆಯಿದ್ದರೂ ಹೂ ಕೊಯ್ಲಿದ್ದರೂ ಹೋಗಿ.